ಸೆರೆಯಲ್ಲೂ ಉಳಿದ ವಿಶ್ವಾಸ

ಕಲಬುರಗಿ ಜಿಲ್ಲೆಯ ಆಳಂದ ಎಂದ ಕೂಡಲೇ ನೆನಪಾಗುವುದು ಲಾಡ್ಲೆ ಮಶಾಯಕರ ದರ್ಗಾ. ಅಫಜಲಪುರ ತಾಲೂಕು ಎಂದರೆ ಭೀಮಾ ತೀರದ ದೇವಲ ಗಾಣಗಾಪುರ. ಜೇವರ್ಗಿ ಎಂದರೆ ತೊಗರಿ, ಜೋಳದ ಹೊಲಗಳು, ಶರಣರ ಮಠಗಳು. ಸೂಫಿ, ದತ್ತ ಮತ್ತು ಶರಣ ಪರಂಪರೆಗಳು ಒಂದೇ ನೆಲದಲ್ಲಿ ಬೆಳೆದ ಈ ಸೀಮೆಯಲ್ಲಿ ಕ್ರೈಸ್ತರ ಒಂದು ಚಿಕ್ಕ ಸಮುದಾಯವೂ ಇದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ನಿಜಾಮರ ಆಳ್ವಿಕೆಯ ಕಾಲದಲ್ಲಿ ಮೆಥೊಡಿಸ್ಟ್ ಮಿಶನ್ ಕಲಬುರಗಿ, ಬೀದರ್ ಕಡೆಗೆ ಬಂತು. ಅದರ ಕರೆಗೆ ಓಗೊಟ್ಟವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳ ದಲಿತರು. 2005ರಲ್ಲಿ ಗುಲ್ಬರ್ಗದಲ್ಲಿ ಕೆಥೊಲಿಕ್ ಧರ್ಮಪ್ರಾಂತವೂ ಸ್ಥಾಪನೆಯಾಯಿತು.

ದೊಡ್ಡ ಸಂಖ್ಯೆಯಿಲ್ಲದ, ಹಣಬಲವಿಲ್ಲದ, ಅಧಿಕಾರದ ಆಸರೆಯೂ ಇಲ್ಲದ ಇಂಥ ಸಮುದಾಯ ಕಷ್ಟಕಾಲದಲ್ಲಿ ತನ್ನ ವಿಶ್ವಾಸವನ್ನು ಹೇಗೆ ಉಳಿಸಿಕೊಳ್ಳುತ್ತದೆ? ಅಚಲವಾಗಿ ನಿಲ್ಲುವುದು ಎಂದರೆ ಏನು? ಕತ್ತಿಯ ಮುಂದೆ ತಲೆಯೊಡ್ಡುವುದು ಮಾತ್ರವೇ? ಅಥವಾ ಬದುಕಿ, ಬಾಗಿ, ಒಳಗೊಳಗೇ ದೀಪ ಆರದಂತೆ ನೋಡಿಕೊಂಡು, ಕಾಲ ಬಂದಾಗ ಮತ್ತೆ ಎದ್ದು ನಿಲ್ಲುವುದಕ್ಕೂ ಆ ಹೆಸರು ಸಲ್ಲುತ್ತದೆಯೇ? ಅಲ್ಪಸಂಖ್ಯಾತರಾಗಿ ಬಾಳುವ ಯಾರನ್ನಾದರೂ ಕಾಡುವ ಪ್ರಶ್ನೆ ಇದು. ಕರ್ನಾಟಕದ ಇತಿಹಾಸದಲ್ಲಿ ಇದಕ್ಕೆ ದೊಡ್ಡದೊಂದು ಉದಾಹರಣೆ ಇದೆ. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಕೆನರಾ ಕರಾವಳಿಯ ಕ್ರೈಸ್ತರ ಕಥೆ ಅದು. ಅವರನ್ನು ಸೆರೆಯಲ್ಲಿಟ್ಟವನು ಟಿಪ್ಪು ಸುಲ್ತಾನ. ಹಾಗಾಗಿಯೇ ಈ ಕಥೆಯನ್ನು ನಮ್ಮ ಪತ್ರಿಕೆಗಳು ಹೆಚ್ಚಾಗಿ ಮುಟ್ಟುವುದಿಲ್ಲ. ಮುಟ್ಟಬೇಕಾದ ಕಾರಣವೂ ಅದೇ ಆಗಿದೆ.

ಆದಿಲ್‌ಶಾಹಿ ನೆಲದ ಇಗರ್ಜಿ

ಶ್ರೀರಂಗಪಟ್ಟಣಕ್ಕೆ ಹೋಗುವ ಮುನ್ನ ಕಲಬುರಗಿಯ ನೆರೆಯಲ್ಲೇ ಇರುವ ಮುದಗಲ್ಲನ್ನು ಒಮ್ಮೆ ನೋಡಬೇಕು. ಮುಸ್ಲಿಮ್ ಅರಸರ ಆಳ್ವಿಕೆಯಲ್ಲಿ ಕ್ರೈಸ್ತರ ಗತಿ ಎಲ್ಲೆಡೆಯೂ ಒಂದೇ ಆಗಿತ್ತು ಎಂಬ ತಪ್ಪು ಕಲ್ಪನೆ ಅದರಿಂದ ದೂರವಾಗುತ್ತದೆ. ರಾಯಚೂರು ಜಿಲ್ಲೆಯ ಮುದಗಲ್ ಕೋಟೆಗೆ ವಿಜಯನಗರವೂ ಬಿಜಾಪುರವೂ ಹೊಡೆದಾಡಿದ್ದು ಎಲ್ಲರಿಗೂ ಗೊತ್ತು. ಅದೇ ಊರಿನಲ್ಲಿ ಗೋವೆಯಿಂದ ಬಂದ ಪಾದ್ರಿಗಳ ಕಾಲದಿಂದ ಒಂದು ಕೆಥೊಲಿಕ್ ಸಮುದಾಯ ನೆಲೆಸಿತ್ತು ಎಂಬುದನ್ನು ಬ್ರಿಟಿಷ್ ಕಾಲದ ಗೆಜೆಟಿಯರ್‌ಗಳು ದಾಖಲಿಸಿವೆ.

ಬಿಜಾಪುರದ ಒಂದನೆಯ ಅಲಿ ಆದಿಲ್‌ಷಾ 1561ರಲ್ಲಿ ಗೋವೆಯ ಪಾದ್ರಿಗಳನ್ನು ತನ್ನ ಆಸ್ಥಾನಕ್ಕೆ ಕರೆಸಿಕೊಂಡು ಅವರ ಧರ್ಮದ ಕುರಿತು ಮಾತು ಕೇಳಿದ್ದ. ಅವನ ನಂತರ ಬಂದ ಎರಡನೆಯ ಇಬ್ರಾಹೀಮ್ ಆದಿಲ್‌ಷಾ, ಪ್ರಜೆಗಳ ಬಾಯಲ್ಲಿ 'ಜಗದ್ಗುರು' ಎನಿಸಿಕೊಂಡವನು, ಬೇರೆ ಬೇರೆ ಧರ್ಮದವರನ್ನು ಒಂದೇ ನೆರಳಿನಲ್ಲಿ ಇಟ್ಟುಕೊಂಡಿದ್ದ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1878ರಲ್ಲಿ ಪ್ರಕಟವಾದ 'ಎ ನೋಬಲ್ ಕ್ವೀನ್' ಎಂಬ ಕಾದಂಬರಿಯಲ್ಲಿ ಚಾಂದ್ ಬೀಬಿಯ ಕಥೆಯೊಡನೆ ಮುದಗಲ್ಲಿನ ಕ್ರೈಸ್ತರನ್ನೂ ಹೆಣೆದಿದ್ದಾನೆ. ಬಿಜಾಪುರದ ಸುಲ್ತಾನರು ಹೋದರು, ಮೊಗಲರು ಬಂದರು, ನಿಜಾಮರು ಬಂದರು. ಮುದಗಲ್ಲಿನ ಆ ಚಿಕ್ಕ ಸಮುದಾಯ ಮಾತ್ರ ಉಳಿಯಿತು.

ಬಿಜಾಪುರದ ಸುಲ್ತಾನರೂ ಮೈಸೂರಿನ ಸುಲ್ತಾನನೂ ಮುಸ್ಲಿಮರೇ. ಒಬ್ಬರ ನೆಲದಲ್ಲಿ ಇಗರ್ಜಿಗೆ ನೆಲೆ ಸಿಕ್ಕಿತು, ಇನ್ನೊಬ್ಬನ ನೆಲದಲ್ಲಿ ಇಗರ್ಜಿಗಳು ಉರುಳಿದವು. ಹಾಗಾಗಿ ಅರಸನ ಧರ್ಮವೊಂದರಿಂದಲೇ ಎಲ್ಲವನ್ನೂ ವಿವರಿಸಲು ಹೊರಡುವವರು ಇತಿಹಾಸದ ಅರ್ಧವನ್ನಷ್ಟೇ ಓದಿದವರು.

ಗೋವೆಯಿಂದ ಕರಾವಳಿಗೆ

ಮಂಗಳೂರು, ಉಡುಪಿ ಕಡೆಯ ಕೊಂಕಣಿ ಮಾತಾಡುವ ಕೆಥೊಲಿಕರ ಪೂರ್ವಿಕರು ಗೋವೆಯಿಂದ ಬಂದವರು. 1560ರಲ್ಲಿ ಪೋರ್ಚುಗೀಸರು ಗೋವೆಯಲ್ಲಿ 'ಇನ್‌ಕ್ವಿಸಿಶನ್' ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಸ್ಥಾಪಿಸಿದರು. ಮತಾಂತರವಾದವರು ಹಳೆಯ ಆಚಾರ ಇಟ್ಟುಕೊಂಡಿದ್ದಾರೆಯೇ, ಮನೆಯಲ್ಲಿ ಯಾವ ಹಾಡು ಹಾಡುತ್ತಾರೆ, ಯಾವ ಉಡುಗೆ ತೊಡುತ್ತಾರೆ ಎಂಬುದನ್ನೆಲ್ಲ ಅದು ಕೆದಕುತ್ತಿತ್ತು. ಆ ಕಾಟ, ಬರಗಾಲ, ತೆರಿಗೆ, ಮರಾಠರ ದಾಳಿ ಇವೆಲ್ಲ ಸೇರಿ ಸಾವಿರಾರು ಕುಟುಂಬಗಳು ಒಂದೂವರೆ ಎರಡು ಶತಮಾನಗಳ ಅವಧಿಯಲ್ಲಿ ದಕ್ಷಿಣಕ್ಕೆ ಸರಿದವು. ಕೆಳದಿಯ ನಾಯಕರಿಗೆ ದುಡಿಯುವ ಒಕ್ಕಲು ಬೇಕಿತ್ತು, ಇವರಿಗೆ ನೆಲ ಬೇಕಿತ್ತು. ಕರಾವಳಿಯ ಬಯಲುಗಳಲ್ಲಿ ಅವರು ಗದ್ದೆ ಮಾಡಿದರು, ತೆಂಗು ಅಡಕೆ ಬೆಳೆಸಿದರು, ಇಗರ್ಜಿ ಕಟ್ಟಿದರು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರದ್ದು.

ಈ ಜನ ಪೋರ್ಚುಗೀಸರ ಧರ್ಮವನ್ನು ಉಳಿಸಿಕೊಂಡು ಪೋರ್ಚುಗೀಸರ ಆಡಳಿತದಿಂದ ದೂರ ಬಂದವರು. ಮುಂದೆ ಅವರನ್ನು ಪರಂಗಿಗಳ ಕಡೆಯವರೆಂದು ನೋಡಲಾಯಿತು ಎಂಬುದು ದುರಂತದ ಒಂದು ಎಳೆ.

1763ರಲ್ಲಿ ಹೈದರ್ ಅಲಿ ಕೆಳದಿಯ ರಾಜಧಾನಿ ಬಿದನೂರನ್ನು ಗೆದ್ದಾಗ ಕರಾವಳಿ ಮೈಸೂರಿನ ಕೈಗೆ ಬಂತು. ಹೈದರ್ ಕ್ರೈಸ್ತರನ್ನು ಸಾಮಾನ್ಯವಾಗಿ ಚೆನ್ನಾಗಿಯೇ ನಡೆಸಿಕೊಂಡ. ಫರಂಗಿಪೇಟೆಯಲ್ಲಿ ನೇತ್ರಾವತಿ ದಡದ ಮೊಂತೆ ಮರಿಯಾನೊ ಇಗರ್ಜಿಯ ಪಾದ್ರಿ ಜೊವಾಕಿಂ ಮಿರಾಂದರ ಮೇಲೆ ಅವನಿಗೆ ವಿಶೇಷ ಗೌರವವಿತ್ತು. 1768ರಲ್ಲಿ ಬ್ರಿಟಿಷರು ಮಂಗಳೂರನ್ನು ಕೆಲಕಾಲ ಹಿಡಿದಾಗ ಕೆಲವು ಕ್ರೈಸ್ತರು ಅವರಿಗೆ ನೆರವಾದರು ಎಂಬ ದೂರು ಬಂತು. ಹೈದರ್ ಅವರನ್ನು ಬಂಧಿಸಿದನಾದರೂ ಇಡೀ ಸಮುದಾಯವನ್ನು ಬೇರುಸಹಿತ ಕೀಳಲಿಲ್ಲ.

1784

ಎರಡನೆಯ ಮೈಸೂರು ಯುದ್ಧದಲ್ಲಿ, 1783ರ ಆರಂಭದಲ್ಲಿ, ಜನರಲ್ ಮ್ಯಾಥ್ಯೂಸ್‌ನ ಬ್ರಿಟಿಷ್ ಸೈನ್ಯ ಮತ್ತೆ ಕರಾವಳಿಗೆ ಇಳಿದು ಮಂಗಳೂರು, ಬಿದನೂರುಗಳನ್ನು ಹಿಡಿಯಿತು. ಆಗಷ್ಟೇ ಪಟ್ಟಕ್ಕೆ ಬಂದಿದ್ದ ಟಿಪ್ಪು ಬಿದನೂರನ್ನು ಮರಳಿ ಗೆದ್ದು, ಮಂಗಳೂರಿಗೆ ದೀರ್ಘ ಮುತ್ತಿಗೆ ಹಾಕಿದ. 1784ರ ಜನವರಿಯಲ್ಲಿ ಕೋಟೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಈ ಎರಡರ ನಡುವೆ, ಫೆಬ್ರವರಿಯ ಕೊನೆಯ ವಾರದಲ್ಲಿ, ಕ್ರೈಸ್ತರು ಉಪವಾಸ ಕಾಲವನ್ನು ಆರಂಭಿಸುವ ಬೂದಿ ಬುಧವಾರದ ಸುಮಾರಿಗೆ, ಆ ಆಜ್ಞೆ ಜಾರಿಗೆ ಬಂತು.

ಕ್ರೈಸ್ತರ ಮನೆಗಳ ಪಟ್ಟಿಯನ್ನು ಗುಟ್ಟಾಗಿ ಮೊದಲೇ ತಯಾರಿಸಲಾಗಿತ್ತು. ಗೊತ್ತುಪಡಿಸಿದ ಹೊತ್ತಿಗೆ ಎಲ್ಲ ಕಡೆ ಒಟ್ಟಿಗೇ ಹಿಡಿಯಲಾಯಿತು. ಪಾದ್ರಿಗಳನ್ನು ಗೋವೆಗೆ ಗಡೀಪಾರು ಮಾಡಲಾಯಿತು. ಹೈದರನ ಗೆಳೆಯ ಮಿರಾಂದರೂ ಅವರಲ್ಲಿದ್ದರು. ಆಸ್ತಿ ಸರಕಾರದ ವಶವಾಯಿತು. ಮಿಲಾಗ್ರಿಸ್ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಇಗರ್ಜಿಗಳು ನೆಲಸಮವಾದವು. ಚರ್ಚಿನ ಇತಿಹಾಸಕಾರರು 27 ಎಂಬ ಲೆಕ್ಕ ಕೊಡುತ್ತಾರೆ. ಉಳಿದವುಗಳಲ್ಲಿ ಫರಂಗಿಪೇಟೆಯದು ಒಂದು. ತಂದೆಯ ಕಾಲದ ಸ್ನೇಹವೇ ಅದನ್ನು ಉಳಿಸಿತು ಎಂದು ಹೇಳುತ್ತಾರೆ. ಮೂಡುಬಿದಿರೆ ಬಳಿಯ ಹೋಸ್ಪೆಟ್ ಇಗರ್ಜಿ ಜೈನರಾದ ಚೌಟ ಅರಸರ ಮಾತಿನಿಂದ ಉಳಿಯಿತು ಎಂಬ ನೆನಪು ಆ ಭಾಗದಲ್ಲಿದೆ.

ಎಷ್ಟು ಜನರನ್ನು ಒಯ್ಯಲಾಯಿತು? ಟಿಪ್ಪುವಿನ ಸೆರೆಯಲ್ಲಿದ್ದು 1824ರಲ್ಲಿ ತನ್ನ ಅನುಭವ ಪ್ರಕಟಿಸಿದ ಇಂಗ್ಲಿಷ್ ಕೈದಿ ಜೇಮ್ಸ್ ಸ್ಕರಿ 30,000 ಎನ್ನುತ್ತಾನೆ. 60,000 ಎಂಬ ಸಂಖ್ಯೆ ಬರುವುದು ಟಿಪ್ಪುವಿನ ಆಸ್ಥಾನದ್ದೇ ಆದ 'ಸುಲ್ತಾನುತ್ತವಾರೀಖ್' ಎಂಬ ಪಾರ್ಸಿ ಗ್ರಂಥದಲ್ಲಿ. ಈ ಸಂಗತಿಯನ್ನು ಗಮನಿಸಬೇಕು. ಇದು ಬ್ರಿಟಿಷರು ಟಿಪ್ಪುವಿನ ಹೆಸರು ಕೆಡಿಸಲು ಕಟ್ಟಿದ ಕಥೆ ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಬ್ರಿಟಿಷರು ಉತ್ಪ್ರೇಕ್ಷೆ ಮಾಡಿದ್ದು ನಿಜ. ಆದರೆ ಮುಖ್ಯ ಘಟನೆಯನ್ನು ಹೇಳುವುದು ಆಸ್ಥಾನದ ಗ್ರಂಥವೇ. ಅದನ್ನು ಅಲ್ಲಗಳೆಯಲು ದಾರಿಯಿಲ್ಲ.

ಸೆರೆಯಾದವರು ಹೆಂಗಸರು, ಮಕ್ಕಳು, ಮುದುಕರ ಸಮೇತ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ದಾರಿಯಲ್ಲಿ ಹಸಿವು, ಕಾಯಿಲೆಗೆ ಸಾವಿರಾರು ಮಂದಿ ಬಲಿಯಾದರು. ತಲುಪಿದ ಗಂಡಸರಿಗೆ ಸುನ್ನತಿ ಮಾಡಿಸಿ, ಹೊಸ ಹೆಸರಿಟ್ಟು, ಹಲವರನ್ನು 'ಅಹ್ಮದಿ' ಎಂಬ ಪಡೆಗಳಿಗೆ ಸೇರಿಸಲಾಯಿತು. ಹೆಣ್ಣುಮಕ್ಕಳನ್ನು ಅಧಿಕಾರಿಗಳಿಗೆ, ಸೈನಿಕರಿಗೆ ಹಂಚಲಾಯಿತು. ತಪ್ಪಿಸಿಕೊಂಡವರು ತಲಚೇರಿಯ ಕಡೆ, ಕೊಡಗಿನ ಕಡೆ ಓಡಿದರು. ಕೊಡಗಿನ ದೊಡ್ಡ ವೀರರಾಜೇಂದ್ರ 1792ರಲ್ಲಿ ಸ್ಥಾಪಿಸಿದ ವಿರಾಜಪೇಟೆಯಲ್ಲಿ ಹೀಗೆ ಬಂದವರಿಗೆ ನೆಲೆ ಸಿಕ್ಕಿತು. ಅಲ್ಲಿನ ಸಂತ ಅನ್ನಮ್ಮ ಇಗರ್ಜಿಯ ಹುಟ್ಟು ಆ ನಿರಾಶ್ರಿತರದ್ದೇ.

ಪಾದ್ರಿ ಇಲ್ಲದ ಹದಿನೈದು ವರ್ಷ

ಕೆಥೊಲಿಕ್ ಜೀವನದಲ್ಲಿ ಪಾದ್ರಿಗೆ ಎಂಥ ಸ್ಥಾನವಿದೆ ಎಂಬುದು ತಿಳಿದರೆ ಈ ಹದಿನೈದು ವರ್ಷಗಳ ತೂಕ ಗೊತ್ತಾಗುತ್ತದೆ. ಪಾದ್ರಿ ಇಲ್ಲದೆ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ, ಸಾಯುವ ಹೊತ್ತಿನ ಅಭ್ಯಂಗವಿಲ್ಲ. ಇಗರ್ಜಿ ಇಲ್ಲ, ಗಂಟೆ ಇಲ್ಲ, ಹಬ್ಬವಿಲ್ಲ. ಹೊರಗಿನಿಂದ ನೋಡಿದವರಿಗೆ ಅವರು ಈಗ ಕ್ರೈಸ್ತರೇ ಅಲ್ಲ. ಸೆರೆಯಲ್ಲಿ ಹುಟ್ಟಿದ ಮಗು 1799ರ ಹೊತ್ತಿಗೆ ಹದಿಹರೆಯಕ್ಕೆ ಬಂದಿರುತ್ತದೆ. ತಂದೆಯ ಹಳೆಯ ಹೆಸರನ್ನು ಬಯಲಲ್ಲಿ ಯಾರೂ ಕೂಗಿದ್ದನ್ನು ಅದು ಕೇಳಿರುವುದಿಲ್ಲ. ಒಂದು ಧರ್ಮ ಅಳಿದುಹೋಗಲು ಇಷ್ಟು ಸಾಕು.

ಅದು ಅಳಿಯಲಿಲ್ಲ. ಅಳಿಯದಿರಲು ಕಾರಣವಾದ ಕೆಲವು ಸಂಗತಿಗಳನ್ನು ಚರ್ಚಿನ ವ್ಯವಸ್ಥೆಯಲ್ಲೇ ಕಾಣಬಹುದು. ತುರ್ತು ಸಂದರ್ಭದಲ್ಲಿ ಯಾವ ವಿಶ್ವಾಸಿಯಾದರೂ ನೀರು ಸುರಿದು ಮಗುವಿಗೆ ಜ್ಞಾನಸ್ನಾನ ಕೊಡಬಹುದು ಎಂಬುದು ಕೆಥೊಲಿಕ್ ನಿಯಮ. ಸೂಲಗಿತ್ತಿಗೂ ಆ ಹಕ್ಕುಂಟು. ಕರಾವಳಿಯ ಇಗರ್ಜಿಗಳಲ್ಲಿ ಪಾದ್ರಿಗಳು ಯಾವಾಗಲೂ ಕಡಿಮೆಯೇ. ಹಾಗಾಗಿ ಊರಿನ ಗುರ್ಕಾರ, ಅಂದರೆ ವಾಡೆಯ ಕ್ರೈಸ್ತ ಹಿರಿಯ, ಪ್ರಾರ್ಥನೆ ನಡೆಸುವುದು, ಜಗಳ ತೀರಿಸುವುದು ಮೊದಲಿಂದ ರೂಢಿಯಲ್ಲಿತ್ತು. ಸಂಜೆ ಮನೆಮಂದಿ ಕೂತು ಜಪಸರ ಹಿಡಿದು ಹೇಳುವ ಪ್ರಾರ್ಥನೆಗೆ ಕೊಂಕಣಿಯಲ್ಲಿ 'ತೇರ್ಸ್' ಎನ್ನುತ್ತಾರೆ. ಅದಕ್ಕೆ ಪುಸ್ತಕ ಬೇಡ, ಪೀಠ ಬೇಡ. ಜಪಸರ ಕಿತ್ತುಕೊಂಡರೆ ಬೆರಳ ಗೆಣ್ಣು ಸಾಕು. ಬಾಯಿ ಬಿಡಲಾಗದಿದ್ದರೆ ಮನಸ್ಸು ಸಾಕು. ಮನೆಯೊಳಗೆ ಬೇರೂರಿದ ಇಂಥ ಧರ್ಮವನ್ನು ಕಟ್ಟಡ ಕೆಡವಿದಷ್ಟು ಸುಲಭವಾಗಿ ಕೆಡವಲಾಗುವುದಿಲ್ಲ. ಅದನ್ನು ಹೊತ್ತವರು ಮುಖ್ಯವಾಗಿ ತಾಯಂದಿರು, ಅಜ್ಜಿಯರು. ಇತಿಹಾಸದ ಪುಸ್ತಕದಲ್ಲಿ ಅವರ ಹೆಸರುಗಳಿಲ್ಲ.

ದುಬಾಯ್ ಪಾದ್ರಿಯ ಕಟು ತೀರ್ಪು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದ. ಆಮೇಲೆ ಅಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬೆ ದುಬಾಯ್. 1792ರಲ್ಲಿ ಭಾರತಕ್ಕೆ ಬಂದ ಅವರು ಮೂರು ದಶಕ ಇಲ್ಲೇ ಇದ್ದರು. ಕಾವಿ ಉಟ್ಟು, ದೇಶೀಯರಂತೆ ಬಾಳಿ, ಹಿಂದೂ ಆಚಾರ ವಿಚಾರಗಳ ಬಗ್ಗೆ ಪ್ರಸಿದ್ಧ ಗ್ರಂಥ ಬರೆದರು. ಸಿಡುಬಿನ ಚುಚ್ಚುಮದ್ದನ್ನು ಮೈಸೂರು ಸೀಮೆಯಲ್ಲಿ ಹರಡಲು ದುಡಿದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನೊಂದಿಗೆ ನೆನೆಯುವ ಇಗರ್ಜಿ ಈಗಲೂ ಇದೆ.

1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳ ಸಂಗ್ರಹದಲ್ಲಿ ದುಬಾಯ್ ಈ ಸೆರೆಯವರ ಬಗ್ಗೆ ಬರೆದದ್ದನ್ನು ಓದಿದರೆ ಬೆರಗಾಗುತ್ತದೆ. ಅವರಲ್ಲಿ ಕರುಣೆಗಿಂತ ನಿರಾಶೆಯೇ ಹೆಚ್ಚು. 60,000ಕ್ಕೂ ಮಿಕ್ಕ ಜನರಲ್ಲಿ ತನ್ನ ಧರ್ಮವನ್ನು ಬಹಿರಂಗವಾಗಿ ಸಾರಿ ಹುತಾತ್ಮನಾಗುವ ಎದೆಗಾರಿಕೆ ಒಬ್ಬನಿಗೂ ಇರಲಿಲ್ಲ, ಎಲ್ಲರೂ ತಲೆಬಾಗಿದರು ಎಂಬುದು ಅವರ ದೂರು. ಅದೇ ಪುಟದಲ್ಲಿ ಇನ್ನೊಂದು ಸಂಗತಿಯನ್ನೂ ಅವರೇ ದಾಖಲಿಸುತ್ತಾರೆ. ಸುಲ್ತಾನ ಅಳಿದ ಕೂಡಲೇ ಬದುಕಿ ಉಳಿದವರು ಬಹುಮಟ್ಟಿಗೆ ಎಲ್ಲರೂ ಮರಳಿ ಬಂದರಂತೆ. ಬದಲಾದದ್ದು ಹೊರಗಷ್ಟೇ, ಒಳಗೆ ನಂಬಿಕೆ ಹಾಗೆಯೇ ಇತ್ತು ಎಂದು ಹೇಳಿಕೊಂಡರಂತೆ. ಅಂಥ ಸುಮಾರು 2,000 ಮಂದಿ ತಮ್ಮ ಬಳಿಗೇ ಬಂದರು, ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಮರಳಿ ಇಗರ್ಜಿಗಳನ್ನು ಮತ್ತೆ ಕಟ್ಟಿದರು ಎಂದು ದುಬಾಯ್ ಬರೆಯುತ್ತಾರೆ. ಇತರರು ಕೊಡುವ ಅಂದಾಜು ಇದಕ್ಕಿಂತ ಕಡಿಮೆ, ಹತ್ತು ಸಾವಿರದ ಸುಮಾರು. ಮತ್ತೊಮ್ಮೆ ಇಂಥ ಪರೀಕ್ಷೆ ಬಂದರೆ ಇವರು ಮತ್ತೆ ಸೋಲುತ್ತಾರೆ ಎಂಬ ಆತಂಕದೊಂದಿಗೆ ಅವರು ಆ ಮಾತು ಮುಗಿಸುತ್ತಾರೆ.

ದುಬಾಯ್ ಪ್ರಾಮಾಣಿಕರು. ಆದರೆ ಅವರು ಹಿಡಿದ ಅಳತೆಗೋಲು ಸರಿಯೇ? ಹುತಾತ್ಮರಾಗದವರೆಲ್ಲ ಸೋತವರು ಎಂದಾದರೆ, ಹದಿನೈದು ವರ್ಷದ ನಂತರ ಕಾಲ್ನಡಿಗೆಯಲ್ಲಿ ಘಟ್ಟ ಇಳಿದು ಹಾಳುಬಿದ್ದ ಇಗರ್ಜಿಯ ಕಲ್ಲು ಹುಡುಕಿದವರನ್ನು ಏನೆಂದು ಕರೆಯಬೇಕು? 1799ರಲ್ಲಿ ಅವರ ಮೇಲೆ ಯಾರ ಒತ್ತಾಯವೂ ಇರಲಿಲ್ಲ. ಇದ್ದಲ್ಲೇ ಇದ್ದು, ಹೊಸ ಹೆಸರಿನಲ್ಲೇ ಬದುಕಬಹುದಿತ್ತು. ಆಸ್ತಿ ಇಲ್ಲದ, ಮನೆ ಇಲ್ಲದ, ಗದ್ದೆ ಬೇರೆಯವರ ಕೈಯಲ್ಲಿದ್ದ ಊರಿಗೆ ಮರಳುವ ಅಗತ್ಯ ಅವರಿಗಿರಲಿಲ್ಲ. ಆದರೂ ಅವರು ಹೊರಟರು. ಅವರ ನಿಷ್ಠೆಗೆ ಆ ಪ್ರಯಾಣವೇ ಸಾಕ್ಷಿ.

ದುಬಾಯ್ ಅವರದೇ ಚರ್ಚಿನ ಇತಿಹಾಸ ಇದಕ್ಕಿಂತ ಉದಾರವಾಗಿದೆ. ಸುವಾರ್ತೆಗಳ ಪ್ರಕಾರ ಯೇಸುವಿನ ಶಿಷ್ಯರಲ್ಲಿ ಮೊದಲಿಗನಾದ ಪೇತ್ರನೇ ಹೆದರಿಕೆಯಿಂದ ತನ್ನ ಗುರುವನ್ನು ಮೂರು ಬಾರಿ ಅರಿಯೆನೆಂದವನು. ಅವನನ್ನೇ ಮುಂದೆ ಸಭೆಯ ನಾಯಕನನ್ನಾಗಿ ಎಣಿಸಲಾಯಿತು. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸ್‌ನ ಹಿಂಸೆಗೆ ಹೆದರಿ ವಿಗ್ರಹಗಳಿಗೆ ಬಲಿ ಅರ್ಪಿಸಿದ್ದ ಕ್ರೈಸ್ತರನ್ನು ಏನು ಮಾಡಬೇಕೆಂಬ ವಿವಾದ ಎದ್ದಾಗ, ಕಾರ್ತೇಜಿನ ಬಿಷಪ್ ಸಿಪ್ರಿಯನ್ ಮತ್ತಿತರರು ಪಶ್ಚಾತ್ತಾಪಪಟ್ಟವರಿಗೆ ಬಾಗಿಲು ತೆರೆದಿಡುವ ನಿರ್ಧಾರಕ್ಕೆ ಬಂದರು.

ನಮಗೆ ಪರಿಚಿತವಾದ ನೋವು

ಮುಸ್ಲಿಮ್ ಓದುಗರಿಗೆ ಇದು ಹೊಸ ವಿಷಯವಲ್ಲ. ಮಕ್ಕಾದ ಆರಂಭದ ದಿನಗಳಲ್ಲಿ ಯಾಸಿರ್ ಮತ್ತು ಸುಮಯ್ಯಾ ದಂಪತಿ ಹಿಂಸೆಗೆ ಬಲಿಯಾದರು, ವಿಶ್ವಾಸ ಬಿಡಲಿಲ್ಲ. ಅವರ ಮಗ ಅಮ್ಮಾರ್ ಹಿಂಸೆ ತಾಳಲಾರದೆ ಶತ್ರುಗಳು ಹೇಳಿಸಿದ ಮಾತು ಹೇಳಿಬಿಟ್ಟರು. ಅಳುತ್ತಾ ಪ್ರವಾದಿವರ್ಯರ(ಸ) ಬಳಿಗೆ ಬಂದಾಗ ಪ್ರವಾದಿ(ಸ) ಕೇಳಿದ್ದು ಅವರ ಹೃದಯದ ಸ್ಥಿತಿಯನ್ನು. ಅದು ಸ್ಥಿರವಾಗಿದೆ ಎಂದಾಗ ಸಂತೈಸಿದರು. ಬಲಾತ್ಕಾರಕ್ಕೆ ಸಿಕ್ಕಿದವನ ಹೃದಯ ವಿಶ್ವಾಸದಲ್ಲಿ ನೆಮ್ಮದಿಯಿಂದಿದ್ದರೆ ಅವನ ಮೇಲೆ ದೋಷವಿಲ್ಲ ಎಂಬ ವಿನಾಯಿತಿ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 106ನೇ ಸೂಕ್ತದಲ್ಲಿದೆ. ಸುಮಯ್ಯಾರನ್ನು ನಾವು ಹುತಾತ್ಮೆಯೆಂದು ಗೌರವಿಸುತ್ತೇವೆ. ಅಮ್ಮಾರರನ್ನೂ ಅಷ್ಟೇ ಗೌರವದಿಂದ ನೆನೆಯುತ್ತೇವೆ.

1492ರಲ್ಲಿ ಗ್ರನಾಡ ಬಿದ್ದ ಮೇಲೆ ಸ್ಪೇನಿನ ಮುಸ್ಲಿಮರಿಗೂ ಇದೇ ಗತಿ ಬಂತು. 1502ರಲ್ಲಿ ಕ್ಯಾಸ್ಟೈಲ್‌ನ ಅರಸರು ಕ್ರೈಸ್ತರಾಗಿ, ಇಲ್ಲವೇ ದೇಶ ಬಿಡಿ ಎಂದು ಆಜ್ಞೆ ಹೊರಡಿಸಿದರು. ಬಲವಂತದಿಂದ ಜ್ಞಾನಸ್ನಾನಕ್ಕೆ ಒಳಗಾದವರು ಗುಟ್ಟಾಗಿ ನಮಾಝ್ ಉಳಿಸಿಕೊಳ್ಳುವುದು ಹೇಗೆ ಎಂದು ಉತ್ತರ ಆಫ್ರಿಕಾದ ಮುಫ್ತಿಯೊಬ್ಬರು 1504ರಲ್ಲಿ ಕೊಟ್ಟ ಫತ್ವಾ 'ಒರಾನ್ ಫತ್ವಾ' ಎಂದೇ ಪ್ರಸಿದ್ಧ. ಒಂದು ಶತಮಾನ ಹೀಗೆ ಬದುಕಿದವರನ್ನು 1609ರಿಂದ 1614ರ ನಡುವೆ ಹೊರಹಾಕಲಾಯಿತು. ಜಪಾನಿನಲ್ಲಿ 1614ರಲ್ಲಿ ಕ್ರೈಸ್ತಧರ್ಮ ನಿಷೇಧವಾಯಿತು. ಒಬ್ಬ ಪಾದ್ರಿಯೂ ಇಲ್ಲದೆ ಏಳೆಂಟು ತಲೆಮಾರು ಗುಟ್ಟಾಗಿ ಪ್ರಾರ್ಥಿಸಿದ ಹಳ್ಳಿಗರು 1865ರಲ್ಲಿ ನಾಗಸಾಕಿಯ ಔರಾ ಇಗರ್ಜಿಗೆ ಬಂದು ಫ್ರೆಂಚ್ ಪಾದ್ರಿಯ ಮುಂದೆ ತಮ್ಮ ಗುರುತು ಹೇಳಿಕೊಂಡರು.

ಅಂದಲೂಸಿಯಾದ ಮುಸ್ಲಿಮರಿಗಾಗಿ ನಾವು ಕಣ್ಣೀರು ಹಾಕುತ್ತೇವೆ. ಹಾಕಬೇಕಾದದ್ದೇ. ಅದೇ ಕಣ್ಣು ಶ್ರೀರಂಗಪಟ್ಟಣದ ಕ್ರೈಸ್ತರ ಮುಂದೆ ಒಣಗಿರಬಾರದು.

ಟಿಪ್ಪುವನ್ನು ಹೇಗೆ ನೋಡಬೇಕು?

ಟಿಪ್ಪು ಬ್ರಿಟಿಷರ ಮುಂದೆ ಬಾಗದ ಅರಸ. 1791ರಲ್ಲಿ ಮರಾಠಾ ಸೈನ್ಯ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅದರ ಪುನರುದ್ಧಾರಕ್ಕೆ ನೆರವಾದ. ಮಠಕ್ಕೆ ಅವನು ಬರೆದ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಮೂಲಕ ಬೆಳಕಿಗೆ ಬಂದವು. ಅದೇ ಅರಸ ಕೊಡವರನ್ನು ಸೆರೆಯೊಯ್ದ. 1790ರ ದಶಕದಲ್ಲಿ ಮಹದವಿ ಪಂಗಡದ ಮುಸ್ಲಿಮರನ್ನೂ ತನ್ನ ರಾಜ್ಯದಿಂದ ಹೊರಹಾಕಿದ. ಯಾರ ನಿಷ್ಠೆಯ ಬಗ್ಗೆ ಸಂಶಯ ಬಂತೋ ಆ ಇಡೀ ಗುಂಪಿಗೆ ಶಿಕ್ಷೆ ಕೊಡುವುದು ಅವನ ರೀತಿಯಾಗಿತ್ತು. ಮೊಹಿಬ್ಬುಲ್ ಹಸನ್ ಅವರಂಥ ಇತಿಹಾಸಕಾರರು ಕ್ರೈಸ್ತರ ಸೆರೆಯಲ್ಲಿ ರಾಜಕೀಯ ಕಾರಣವನ್ನೇ ಮುಖ್ಯವಾಗಿ ಕಾಣುತ್ತಾರೆ. ಆ ಕಾರಣ ಇತ್ತು ಎಂಬುದು ನಿಜ. ಆದರೆ ಕೆಲವರು ಮ್ಯಾಥ್ಯೂಸ್‌ಗೆ ನೆರವಾಗಿದ್ದರೂ ತೊಟ್ಟಿಲ ಮಗು ಏನು ನೆರವು ಕೊಟ್ಟಿತ್ತು? ದ್ರೋಹಕ್ಕೆ ಶಿಕ್ಷೆ ಎಂದೇ ಒಪ್ಪಿದರೂ ಅದರಲ್ಲಿ ಸುನ್ನತಿಗೆ, ಹೆಸರು ಬದಲಿಸುವುದಕ್ಕೆ ಏನು ಕೆಲಸ? ಧರ್ಮದಲ್ಲಿ ಒತ್ತಾಯ ಸಲ್ಲದೆಂಬ ಕುರ್‌ಆನಿನ ನಿಲುವಿಗೆ ಅದು ನೇರ ವಿರುದ್ಧ.

ಇನ್ನೂ ಒಂದು ಮಾತು. 'ಸುಲ್ತಾನುತ್ತವಾರೀಖ್' ಈ ಕ್ರಮಕ್ಕೆ ಸಮರ್ಥನೆಯಾಗಿ ಹಿಂದೆ ಗೋವೆಯಲ್ಲಿ ಪೋರ್ಚುಗೀಸರು ಮುಸ್ಲಿಮರ ಮೇಲೆ ನಡೆಸಿದ ದಬ್ಬಾಳಿಕೆಯನ್ನು ಮುಂದಿಡುತ್ತದೆ. ಅಂದರೆ ಎಂದೋ ಯಾರೋ ಮಾಡಿದ ಪಾಪಕ್ಕೆ ಅದೇ ಧರ್ಮದ ಬೇರೆ ಜನ ಉತ್ತರ ಕೊಡಬೇಕಾಯಿತು. ಅದೂ ಅದೇ ಪೋರ್ಚುಗೀಸರ ಕಾಟಕ್ಕೆ ಊರು ಬಿಟ್ಟು ಬಂದವರ ಮೊಮ್ಮಕ್ಕಳು! ಈ ತರ್ಕ ನಮಗೆ ಎಲ್ಲೋ ಕೇಳಿದಂತಿದೆಯಲ್ಲವೇ? ಘಜ್ನಿಯ ಮಹಮೂದನ, ಔರಂಗಜೇಬನ ಲೆಕ್ಕವನ್ನು ಇಂದಿನ ಸೈಕಲ್ ರಿಪೇರಿಯವನ, ಹಣ್ಣಿನ ಗಾಡಿಯವನ ಮುಂದೆ ಇಡುವವರು ಬಳಸುವುದು ಇದೇ ತರ್ಕ. ನಮ್ಮ ಮೇಲೆ ಬಂದಾಗ ಅನ್ಯಾಯವೆನಿಸುವುದು 1784ರಲ್ಲೂ ಅನ್ಯಾಯವೇ ಆಗಿತ್ತು.

2015ರಲ್ಲಿ ಸರಕಾರ ಟಿಪ್ಪು ಜಯಂತಿ ಆರಂಭಿಸಿದಾಗ, 2019ರಲ್ಲಿ ಅದನ್ನು ನಿಲ್ಲಿಸಿದಾಗ, ಎರಡೂ ಬಾರಿ ಗದ್ದಲವೇ ಹೆಚ್ಚಾಯಿತು. ಕ್ರೈಸ್ತರ ನೆನಪನ್ನು ಒಂದು ಕಡೆಯವರು ಆಯುಧ ಮಾಡಿಕೊಂಡರು, ಇನ್ನೊಂದು ಕಡೆಯವರು ಸುಳ್ಳೆಂದು ತಳ್ಳಿಹಾಕಿದರು. ಆ ನೆನಪಿನ ವಾರಸುದಾರರನ್ನು ಮಾತ್ರ ಕೂಡಿಸಿಕೊಂಡು ಕೇಳಿದವರು ಕಡಿಮೆ. ಅವರು ಸೇಡಿನ ದಾರಿ ಹಿಡಿಯಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಮರಳಿ ಬಂದ ಸಮುದಾಯ ಎಂಬತ್ತು ವರ್ಷಗಳಲ್ಲಿ ಎಲ್ಲಿಗೆ ತಲುಪಿತು ನೋಡಿ: 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು, ಅದೇ ವರ್ಷ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಔಷಧ ಕೊಡತೊಡಗಿದರು. ಆ ತರಗತಿಗಳಲ್ಲಿ ಮುಸ್ಲಿಮರ ಮಕ್ಕಳೂ ಓದಿದ್ದಾರೆ, ಆ ಆಸ್ಪತ್ರೆಯಲ್ಲಿ ಮುಸ್ಲಿಮ್ ರೋಗಿಗಳೂ ಗುಣ ಹೊಂದಿದ್ದಾರೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿಗಳು ನಡೆದವು. ದಾಳಿ ಮಾಡಿದವರು ಈ ಬಾರಿ ಬೇರೆಯವರು. ಪರೀಕ್ಷೆಗೆ ಒಳಗಾದವರು ಮಾತ್ರ ಅದೇ ಜನ.

ಸದ್ದಿಲ್ಲದ ಪರೀಕ್ಷೆ

ಇನ್ನು ಆಳಂದ, ಅಫಜಲಪುರ, ಜೇವರ್ಗಿಯ ಕಡೆಗೆ ನೋಡೋಣ. ಇಲ್ಲಿನ ಕ್ರೈಸ್ತರಿಗೆ ಸೈನ್ಯವೂ ಸೆರೆಯೂ ಎದುರಾಗಿಲ್ಲ. ಆದರೆ ದಲಿತ ಮೂಲದ ಕ್ರೈಸ್ತನಿಗೆ ಒಂದು ಪರೀಕ್ಷೆ ಶಾಲೆಗೆ ಸೇರುವ ದಿನವೇ, ಜಾತಿ ಪ್ರಮಾಣಪತ್ರದ ಅರ್ಜಿಯಲ್ಲೇ ಶುರುವಾಗುತ್ತದೆ. 1950ರ ರಾಷ್ಟ್ರಪತಿಯವರ ಪರಿಶಿಷ್ಟ ಜಾತಿ ಆದೇಶ ಆ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಧರ್ಮ ಬದಲಿಸಿದರೂ ಕೇರಿ ಬದಲಾಗಲಿಲ್ಲ, ಬಾವಿಯ ಕಟ್ಟಳೆ ಬದಲಾಗಲಿಲ್ಲ. ಮೀಸಲಾತಿ ಮಾತ್ರ ಹೋಯಿತು, 1989ರ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯೂ ಹೋಯಿತು. ಈ ಧರ್ಮದ ಅಡ್ಡಗೋಡೆ ತೆಗೆಯಬೇಕೆಂದು ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು. 2022ರಲ್ಲಿ ಇದೇ ವಿಷಯಕ್ಕೆ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕವಾಯಿತು.

ಹೀಗಾಗಿ ಕಾಗದದಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು ಪ್ರಾರ್ಥನೆ ಎಂಬ ಇಬ್ಬಂದಿ ಬದುಕು ನಮ್ಮ ಕಾಲದಲ್ಲೂ ಉಂಟು. ಮಗನ ಓದು ಬೇಕೇ, ಭಾನುವಾರದ ಸಭೆ ಬೇಕೇ ಎಂದು ತಂದೆಯೊಬ್ಬ ಆಯ್ದುಕೊಳ್ಳಬೇಕಾಗಿ ಬಂದರೆ, ಅವನನ್ನು ಅಂಜುಬುರುಕ ಎನ್ನುವುದು ಸುಲಭ. ದುಬಾಯ್ ಅಂದು ಅದನ್ನೇ ಹೇಳಿದ್ದರು. 1799ರಲ್ಲಿ ಘಟ್ಟ ಇಳಿದು ಬಂದವರು ಆ ಮಾತಿಗೆ ಉತ್ತರ ಕೊಟ್ಟಿದ್ದಾರೆ: ಜನರ ವಿಶ್ವಾಸವನ್ನು ಅವರು ಒತ್ತಾಯದಲ್ಲಿದ್ದಾಗ ಅಳೆಯಬೇಡಿ, ಒತ್ತಾಯ ತೆಗೆದ ಮೇಲೆ ಅವರು ಯಾವ ಕಡೆಗೆ ನಡೆಯುತ್ತಾರೆ ಎಂದು ನೋಡಿ.

ಒತ್ತಾಯ ತೆಗೆಯುವ ಕೆಲಸ ನೊಂದವರೊಬ್ಬರದೇ ಅಲ್ಲ. 1950ರ ಆದೇಶದ ಗೋಡೆಯ ಹೊರಗೆ ದಲಿತ ಕ್ರೈಸ್ತನ ಪಕ್ಕದಲ್ಲೇ ದಲಿತ ಮೂಲದ ಮುಸ್ಲಿಮನೂ ನಿಂತಿದ್ದಾನೆ. ಇಬ್ಬರೂ ಸೇರಿ ಆ ಬಾಗಿಲು ತಟ್ಟುವ ದಿನ ಬಂದಾಗ, ನೆರೆಯವನ ಹಳೆಯ ಗಾಯದ ಬಗ್ಗೆ ಸತ್ಯ ಹೇಳಿದವನ ಕೈಯನ್ನು ಅವನು ನಂಬಿ ಹಿಡಿಯಬಲ್ಲ.